ಎಡಗಾಲಿನ ಚಪ್ಪಲಿ ಅಡವು

ಜೂನ್ ತಿಂಗಳಲ್ಲಿ ಮುಂಬಯಿಯ ನಮ್ಮ ವಿಕ್ರೋಳಿ ಕಾಲನಿಗೆ ಹೊಸದಾಗಿ ಬಂದವರ ಕಣ್ಣಿಗೆ ಒಂದು ವಿಚಿತ್ರ ಬೀಳುತ್ತಿತ್ತು. ಬೆಳಿಗ್ಗೆ ಒಂಬತ್ತೂಕಾಲರ ಸುಮಾರಿಗೆ, ನೋಡಲು ಮರ್ಯಾದಸ್ಥರಾದ ಹೆಂಗಸರು ಬಲಗಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು, ಬರಿಯ ಎಡಗಾಲನ್ನು ಕೆಸರಿನಿಂದ ತಪ್ಪಿಸುತ್ತ, ಕುಂಟಿಕೊಂಡು ಮನೆಗೆ ಹೋಗುತ್ತಿದ್ದರು. ಹಳಬರು ಯಾರೂ ನಗುತ್ತಿರಲಿಲ್ಲ. ಗೇಟಿನ ಹತ್ತಿರ ಸೊಪ್ಪು ಮಾರುವ ಭಯ್ಯಾ ಮಾತ್ರ ಮುಖ ನೋಡುವ ಮೊದಲು ಕಾಲು ನೋಡಿ, "ಬಚ್ಚಾ ಇಸ್ಕೂಲ್ ಗಯಾ ಕ್ಯಾ, ಭಾಭಿ?" ಎಂದು ವಿಚಾರಿಸುತ್ತಿದ್ದ. ಆ ವರ್ಷ ಯಾರ ಯಾರ ಮಕ್ಕಳು ಶಿಶುವಿಹಾರಕ್ಕೆ ಸೇರಿದ್ದಾರೆ, ಯಾರ ಮಗು ಇನ್ನೂ ಅಳುತ್ತಿದೆ ಎನ್ನುವುದು ಅಮ್ಮಂದಿರ ಕಾಲು ನೋಡಿದರೆ ಇಡೀ ಕಾಲನಿಗೆ ತಿಳಿಯುತ್ತಿತ್ತು.

ಆ ಎಡಗಾಲಿನ ಚಪ್ಪಲಿಗಳನ್ನೆಲ್ಲ ಅಡವು ಇಟ್ಟುಕೊಳ್ಳುತ್ತಿದ್ದವರು ಶಿಶುವಿಹಾರದ ಮಾವಶಿ. ಅವರು ತೀರಿಕೊಂಡ ಸುದ್ದಿ ನನಗೆ ಕಳೆದ ತಿಂಗಳು ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಸಿಕ್ಕಿತು. ಅವರ ಗಂಡ ಅಲ್ಲಿ ಬಹಳ ವರ್ಷ ಅಡುಗೆಗಿದ್ದರು. ಇಬ್ಬರೂ ಊರಿಗೆ ಹೋಗಿ ನೆಲೆಸಿ ಎರಡು ವರ್ಷವಾಗಿತ್ತು. "ನಮ್ಮ ಅಡುಗೆ ಅಣ್ಣನ ಹೆಂಡ್ತಿ ಹೋದ್ರಂತೆ ಮಾರಾಯ್ರೆ, ಮಲಗಿದಲ್ಲೇ," ಎಂದು ಗಲ್ಲಾದಲ್ಲಿ ಕೂತವರು ಹೇಳಿದರು. ನನ್ನ ಎದುರಿಗೆ ಕೂತು ಮಸಾಲೆ ದೋಸೆ ತಿನ್ನುತ್ತಿದ್ದ ಹನ್ನೊಂದು ವರ್ಷದ ಮಗ ತಲೆ ಎತ್ತಿ, "ಯಾರಮ್ಮ ಅದು?" ಎಂದ. ನಾನು ಹೇಳಿದೆ. "ನಂಗೆ ಯಾದ್ ಇಲ್ಲ," ಎಂದು ನನ್ನ ತಟ್ಟೆಯ ಪಲ್ಯವನ್ನೂ ಎಳೆದುಕೊಂಡ. ನನಗೆ ಸಿಟ್ಟು ಬಂತು, ಅಳುವೂ ಬಂತು. ಮೂರನೆಯ ವರ್ಷದ್ದು ಯಾರಿಗೆ ತಾನೇ ನೆನಪಿರುತ್ತದೆ? ಅವನ ಪರವಾಗಿ ನಾನು ನೆನಪಿಟ್ಟುಕೊಳ್ಳಬೇಕು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ಉಡುಪಿ ಕಡೆಯವರು, ಮನೆಮಾತು ತುಳು. ಕಾಲನಿಯ ಮರಾಠಿ ಮಕ್ಕಳು ಚಿಕ್ಕಮ್ಮನನ್ನು ಕರೆಯುವ ಹಾಗೆ ಮಾವಶಿ ಎಂದು ಕರೆದವು. ಮಕ್ಕಳ ಹಿಂದೆ ಅಮ್ಮಂದಿರು, ಅವರ ಹಿಂದೆ ಅಪ್ಪಂದಿರು, ಕೊನೆಗೆ ಪೋಸ್ಟ್‌ಮ್ಯಾನ್ ಕೂಡ. ಗಿಡ್ಡ ಆಳು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಸೀರೆಯ ಎಡಹೆಗಲು ಜೂನ್‌ನಿಂದ ಆಗಸ್ಟ್‌ವರೆಗೆ ಒಣಗಿದ್ದನ್ನು ನಾನು ನೋಡಿಲ್ಲ. ಅದಕ್ಕೆ ಮಳೆ ಕಾರಣವಲ್ಲ, ನಮ್ಮ ಮಕ್ಕಳ ಕಣ್ಣು ಮತ್ತು ಮೂಗು.

ಹೆಸರಿಗೆ ಅವರು ಅಲ್ಲಿ ಆಯಾ. ಶಿಶುವಿಹಾರ ನಡೆಸುತ್ತಿದ್ದ ಟೀಚರ್ ಬೇರೆ ಇದ್ದರು: ಇಂಗ್ಲಿಷಿನಲ್ಲಿ ಹಾಡು ಹೇಳಿಸುವ, ಗೋಡೆಗೆ ಸೇಬಿನ ಚಿತ್ರ ಅಂಟಿಸುವ, ತುಂಬ ಒಳ್ಳೆಯ ಮನಸ್ಸಿನ ಹೆಂಗಸು. ಚಪ್ಪಲಿಯ ಪದ್ಧತಿ ಅವರಿಗೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಕೊಳಕು, ಡಿಸಿಪ್ಲಿನ್ ಇಲ್ಲ, ಅಳುವ ಮಗುವಿಗೆ ಪೆಪ್ಪರ್‌ಮೆಂಟು ಕೊಟ್ಟರೆ ಸಾಕು ಎನ್ನುತ್ತಿದ್ದರು. ಒಂದು ವರ್ಷ ಶಾಲೆ ತೆರೆದ ವಾರವೇ ಮಾವಶಿಗೆ ಜ್ವರ ಬಂದು ಒಂದು ದಿನ ರಜೆ ಹಾಕಿದರಂತೆ. ಆವತ್ತು ಹನ್ನೊಂದು ಗಂಟೆಗೆ ಮೇಲಿನ ಮಹಡಿಯವರು ಇಳಿದು ಬಂದು ನೋಡಿದರೆ, ಹನ್ನೆರಡು ಮಕ್ಕಳು ಬಾಯಲ್ಲಿ ಪೆಪ್ಪರ್‌ಮೆಂಟು ಇಟ್ಟುಕೊಂಡೇ ಅಳುತ್ತಿದ್ದವು. ಅವುಗಳ ನಡುವೆ ಸಣ್ಣ ಕುರ್ಚಿಯಲ್ಲಿ ಕೂತು ಟೀಚರೂ ಅಳುತ್ತಿದ್ದರು. ಮರುದಿನದಿಂದ ಅವರು ಚಪ್ಪಲಿಯ ಸುದ್ದಿ ಎತ್ತಲಿಲ್ಲ.

ನಮ್ಮ ಮನೆಯ ಪರಿಸ್ಥಿತಿ ಹೀಗಿತ್ತು. ನಾನು ಫೋರ್ಟಿನ ಒಂದು ಬ್ಯಾಂಕಿನಲ್ಲಿ ಕ್ಲಾರ್ಕ್. ಹೆರಿಗೆ ರಜೆಯ ಆಮೇಲೆ ಅತ್ತೆ ಮೈಸೂರಿನಿಂದ ಬಂದು ಮಗುವನ್ನು ನೋಡಿಕೊಂಡರು. ಅವನಿಗೆ ಮೂರು ತುಂಬುವಷ್ಟರಲ್ಲಿ ಓರಗಿತ್ತಿಯ ಹೆರಿಗೆ ಎಂದು ಅವರು ಹೊರಟುಹೋದರು. ನಾನು ಇದ್ದಬದ್ದ ರಜೆಯನ್ನೆಲ್ಲ ಬಳಿದು ಹಾಕಿದೆ. ಮ್ಯಾನೇಜರು ಜುಲೈ ಮೊದಲ ಸೋಮವಾರ ಕುರ್ಚಿಯಲ್ಲಿ ಕಾಣಬೇಕು, ಇಲ್ಲದಿದ್ದರೆ ರಾಜೀನಾಮೆ ಕಳಿಸಿ ಎಂದರು. ನನ್ನ ಗಂಡನಿಗೆ ಕಂಪನಿಯಲ್ಲಿ ಶಿಫ್ಟು. "ಕಷ್ಟವಾದ್ರೆ ಬಿಟ್ಬಿಡು, ಯಾರು ಬೇಡ ಅಂದ್ರು?" ಎಂದು ಅವರು ಉದಾರವಾಗಿ ಹೇಳಿದರು. ನನಗೆ ಬಿಡುವ ಮನಸ್ಸಿರಲಿಲ್ಲ. ಆ ಕೆಲಸಕ್ಕೆ ನಾನು ಪರೀಕ್ಷೆ ಬರೆದು ಬಂದವಳು. ಹನ್ನೆರಡಕ್ಕೆ ಶಿಶುವಿಹಾರ ಮುಗಿದ ಮೇಲೆ ಸಂಜೆಯವರೆಗೆ ಸ್ಟೇಷನ್ ಹತ್ತಿರದ ತಮ್ಮ ಚಾಳಿನ ಒಂದು ಕೋಣೆಯ ಖೋಲಿಯಲ್ಲಿ ಮಗುವನ್ನು ಇಟ್ಟುಕೊಳ್ಳಲು ಮಾವಶಿ ಒಪ್ಪಿದ್ದರು. ಮಗು ಒಪ್ಪಬೇಕಿತ್ತು. ಅದಕ್ಕೆ ನನ್ನ ಕೈಯಲ್ಲಿದ್ದದ್ದು ಮೂರು ವಾರ.

ಮೊದಲ ದಿನ ನಾನು ಎಲ್ಲ ಅಮ್ಮಂದಿರೂ ಮಾಡುವುದನ್ನೇ ಮಾಡಿದೆ. ಅವನು ಮರದ ಕುದುರೆ ಹತ್ತಿದ ಕೂಡಲೇ ಬೆಕ್ಕಿನ ಹೆಜ್ಜೆ ಹಾಕಿ ಹೊರಗೆ ಬಂದು, ಗೇಟಿನ ಕಡೆ ಓಡಿದೆ. ಹಿಂದಿನಿಂದ ಯಾರೋ ತೋಳು ಹಿಡಿದರು. ತಿರುಗಿದರೆ ಮಾವಶಿ.

"ಎಂತಕ್ಕೆ ಕಳ್ಳರ ಹಾಗೆ ಓಡುದು?"

"ಹೇಳಿದ್ರೆ ಅಳ್ತಾನೆ, ಮಾವಶಿ."

"ಅಳ್ಲಿ. ಹೇಳದೆ ಹೋದ್ರೆ ಅವನ ಲೆಕ್ಕದಲ್ಲಿ ಅಮ್ಮ ಹೋದದ್ದಲ್ಲ, ಮಾಯ ಆದದ್ದು. ನಾಳೆಯಿಂದ ಕಕ್ಕಸಿಗೆ ಹೋಗ್ಲಿಕ್ಕೂ ನಿಮ್ಮನ್ನು ಬಿಡುದಿಲ್ಲ, ನೋಡಿ ಬೇಕಾದ್ರೆ. ಬನ್ನಿ, ಬನ್ನಿ."

ದರದರ ಎಳೆದುಕೊಂಡು ಬಂದು ಅವನ ಎದುರಿಗೆ ನಿಲ್ಲಿಸಿದರು. ನಾನು ಹೋಗುತ್ತೇನೆ ಎಂದೆ. ಅವನು ನೆಲದ ಮೇಲೆ ಬಿದ್ದು ಹೊರಳಿದ. ಮಾವಶಿ ಅವಸರವಿಲ್ಲದೆ ಬಗ್ಗಿ, ನನ್ನ ಎಡಗಾಲನ್ನು ತಟ್ಟಿ, ಚಪ್ಪಲಿ ಬಿಚ್ಚಿಸಿದರು. ಅದನ್ನು ಅವನ ಮುಂದೆ ಇಟ್ಟು ಕೇಳಿದರು:

"ಇದು ಯಾರದ್ದು ಮಗಾ?"

ಅವನು ಅಳುತ್ತಲೇ, "ಅಮ್ಮಂದು," ಎಂದ.

"ಒಂದು ಚಪ್ಪಲಿ ಹಾಕಿ ಯಾರಾದ್ರೂ ದೂರ ಹೋಗ್ತಾರಾ?"

ಅವನು ನನ್ನ ಕಾಲು ನೋಡಿದ, ಚಪ್ಪಲಿ ನೋಡಿದ. ಅಳು ನಿಲ್ಲಲಿಲ್ಲ, ಆದರೆ ಅದರ ನಡುವೆ ಒಂದು ಯೋಚನೆ ಹೊಕ್ಕಿತು. ಅಷ್ಟು ಸಾಕಿತ್ತು ಮಾವಶಿಗೆ. ಮನೆಯ ಬಾಗಿಲಲ್ಲಿ ಯಾರ ಚಪ್ಪಲಿ ಇದೆಯೋ ಅವರು ಎಲ್ಲೂ ಹೋಗಿಲ್ಲ, ಒಳಗೇ ಇದ್ದಾರೆ, ಇದು ಎಲ್ಲ ಮಕ್ಕಳಿಗೂ ಗೊತ್ತಿರುತ್ತದೆ ಎಂದು ಆಮೇಲೆ ಒಮ್ಮೆ ನನಗೆ ವಿವರಿಸಿದರು. ಆವತ್ತು ನಾನು ಕುಂಟಿಕೊಂಡು ಮನೆಗೆ ಬಂದೆ. ಭಯ್ಯಾ ಕೊತ್ತಂಬರಿ ಪುಕ್ಕಟೆ ಕೊಟ್ಟ.

ನಿಯಮಕ್ಕೆ ಯಾರೂ ಹೊರತಲ್ಲ. ಮೂರನೇ ಬಿಲ್ಡಿಂಗಿನ ಒಬ್ಬ ಎಂಜಿನಿಯರು ಮಗಳನ್ನು ಬಿಡಲು ಕಂಪನಿಯ ದಪ್ಪ ಸೇಫ್ಟಿ ಶೂ ಹಾಕಿಕೊಂಡೇ ಬಂದು, ಒಂದನ್ನು ಅಡವಿಟ್ಟು, ಒಂದು ಶೂ ಒಂದು ಕಾಲ್ಚೀಲದಲ್ಲಿ ಫ್ಯಾಕ್ಟರಿಯ ಗೇಟಿಗೆ ಹೋದರು. ಕಾರಣ ಕೇಳಿದ ವಾಚ್‌ಮನ್‌ಗೆ, "ಮಾವಶಿ ಹತ್ರ ಇದೆ," ಎಂದರಂತೆ. ಅವನ ಮಗಳೂ ಅದೇ ಶಿಶುವಿಹಾರದಲ್ಲಿ ಓದಿದವಳು. ಸೀದಾ ಒಳಗೆ ಬಿಟ್ಟ. ಧಾರವಾಡದ ಒಬ್ಬ ಅಜ್ಜಿಯಂತೂ ಜನ್ಮದಲ್ಲಿ ಚಪ್ಪಲಿ ಮೆಟ್ಟಿದವರಲ್ಲ. "ನಾ ಏನ್ ಇಡ್ಲೆವ್ವಾ? ಕಾಲ ಬಿಚ್ಚಿ ಇಡ್ಲೇನು?" ಎಂದು ಜಗಳಕ್ಕೆ ನಿಂತರು. ಮಾವಶಿ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಕೈ ಚಾಚಿ ಅವರ ನಶ್ಯದ ಡಬ್ಬಿ ಇಸಿದುಕೊಂಡರು. ಅಜ್ಜಿ ಮುಕ್ಕಾಲು ಗಂಟೆಯೊಳಗೆ ವಾಪಸ್ಸು ಬಂದು ಕಿಟಕಿಯಲ್ಲಿ ನಿಂತರು. ಮೊಮ್ಮಗ ಆರಾಮವಾಗಿ ಮಣ್ಣಿನ ಲಾಡು ಕಟ್ಟುತ್ತಿದ್ದ. ನಶ್ಯವಿಲ್ಲದೆ ಅಜ್ಜಿಗೇ ತಡೆಯಲಾಗುತ್ತಿರಲಿಲ್ಲ.

ಅಳುವಿನ ವಿಷಯದಲ್ಲಿ ಮಾವಶಿಯ ಕಿವಿ ದೊಡ್ಡ ಸಂಗೀತಗಾರರದ್ದು. ಬಾಗಿಲಿಗೆ ಒರಗಿ, ಕಣ್ಣು ಮುಚ್ಚಿ ಕೇಳಿ ಹೇಳುತ್ತಿದ್ದರು: "ಇದು ಅಜ್ಜಿಗೆ ಕೇಳ್ಲಿ ಅಂತ ಅಳುದು. ಅಜ್ಜಿ ಗೇಟು ದಾಟ್ಲಿ, ಬಂದ್ ಆಗ್ತದೆ." ಅಜ್ಜಿ ಗೇಟು ದಾಟುವುದೂ ಅಳು ನಿಲ್ಲುವುದೂ ಒಂದೇ ಆಗುತ್ತಿತ್ತು. "ಇದು ಪಕ್ಕದವ ಅಳ್ತಾನೆ ಅಂತ ಮರ್ಯಾದೆಗೆ ಅಳುದು." "ಇದು ಹೆದರಿ ಅಳುದು, ಇದನ್ನು ಎತ್ತಿಕೊಳ್ಬೇಕು." ಹಾಗೆಂದು ಕಣ್ಣು ಬಿಟ್ಟು, ಇಪ್ಪತ್ತು ಮಕ್ಕಳ ನಡುವಿನಿಂದ ಆ ಒಂದನ್ನೇ ಎತ್ತಿ ಎಡಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಇದೆಲ್ಲ ಮನೆಯಲ್ಲಿ ಆದ ಅನುಭವವೇ ಎಂದು ನಾನೊಮ್ಮೆ ಕೇಳಿದೆ. ಅವರ ಗಂಡ ವಾರವಿಡೀ ಹೋಟೆಲಿನಲ್ಲೇ ಇದ್ದು ರಜೆಗೆ ಒಂದು ದಿನ ಬರುತ್ತಿದ್ದರು. "ಇದ್ದಾರಲ್ಲ ನಮ್ಮ ಯಜಮಾನ್ರು! ವಾಪಸ್ ಹೋಗುವಾಗ ಈಗ್ಲೂ ಮುಖ ಊದಿಸ್ತಾರೆ. ಇಪ್ಪತ್ತೆರಡು ವರ್ಷ ಆಯ್ತು, ಅವರಿಗೆ ಅಭ್ಯಾಸ ಮಾಡ್ಸ್ಲಿಕ್ಕೆ ನನ್ನಿಂದ ಆಗ್ಲಿಲ್ಲ," ಎಂದರು.

ನನ್ನ ಮಗ ಎರಡನೇ ವಾರಕ್ಕೆ ಪಳಗಿದ. ಒಳಗೆ ಹೋದವನೇ ಚಪ್ಪಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ಹೆಬ್ಬೆರಳಿನ ಪಟ್ಟಿಗೆ ನಾನು ಚುಚ್ಚಿದ್ದ ಸೇಫ್ಟಿ ಪಿನ್ನನ್ನು ಮುಟ್ಟಿ ನೋಡಿ, ಆಮೇಲೆ ಆಟಕ್ಕೆ ಹೋಗುತ್ತಿದ್ದ. ನನಗೆ ಧೈರ್ಯ ಬಂತು. ಧೈರ್ಯದ ಹಿಂದೆಯೇ ತಲೆಬಿಸಿ ಬಂತು: ಫೋರ್ಟಿಗೆ ಒಂದು ಚಪ್ಪಲಿಯಲ್ಲಿ ಹೋಗುವುದು ಹೇಗೆ? ಒಂಬತ್ತೂವರೆಯ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಎರಡು ಚಪ್ಪಲಿ ಇದ್ದವರ ಕಾಲೇ ಉಳಿಯುವುದಿಲ್ಲ. ಅಡವಿನ ಚಪ್ಪಲಿಯನ್ನು ಬಿಡಿಸುವುದು ಹೇಗೆಂದು ಮಾವಶಿಯನ್ನು ಕೇಳಬಹುದಿತ್ತು. ನಾನು ಬ್ಯಾಂಕಿನವಳಲ್ಲವೇ, ನನ್ನ ಬುದ್ಧಿ ಉಪಯೋಗಿಸಿದೆ. ಘಾಟ್ಕೋಪರಿಗೆ ಹೋಗಿ, ಅಂಗಡಿ ಅಂಗಡಿ ಹುಡುಕಿ, ಅದೇ ಬಣ್ಣದ ಅದೇ ಅಳತೆಯ ಇನ್ನೊಂದು ಜೊತೆ ತಂದೆ. ಹೊಸದು ಕಾಲು ಕಚ್ಚುತ್ತಿತ್ತು, ಆದ್ದರಿಂದ ಅಡವಿಗೆ ಅದನ್ನು ಕೊಟ್ಟು, ಹಳೆಯದರಲ್ಲೇ ಲೋಕಲು ಹತ್ತುವುದೆಂದು ಲೆಕ್ಕ ಹಾಕಿದೆ. ಶನಿವಾರ ತಾಲೀಮು. ಬಲಗಾಲಿಗೆ ಹಳೆಯದು, ಎಡಗಾಲಿಗೆ ಹೊಸದು. ಎಡಗಾಲಿನ ಹಳೆಯದು ಪೇಪರಿನಲ್ಲಿ ಸುತ್ತಿ ಚೀಲದಲ್ಲಿ. ಬಾಗಿಲಲ್ಲಿ ಹೊಸದನ್ನು ಬಿಚ್ಚಿ ಕೊಟ್ಟು, ಟಾಟಾ ಹೇಳಿ, ನಾಲ್ಕು ಮೆಟ್ಟಿಲು ಇಳಿದು, ಗೋಡೆಗೆ ಆತು ಚೀಲಕ್ಕೆ ಕೈ ಹಾಕಿದೆ.

ಒಳಗಿನಿಂದ ಒಂದು ಕಿರುಚು ಬಂತು. ಅದಕ್ಕಿಂತ ಮೊದಲು, ಆಮೇಲೆ, ಅಂಥ ಸ್ವರವನ್ನು ನಾನು ಅವನಿಂದ ಕೇಳಿಲ್ಲ. "ಇದು ಅಮ್ಮಂದಲ್ಲ! ಇದು ಅಮ್ಮಂದಲ್ಲ!"

ಪಿನ್ನು! ಹೊಸದಕ್ಕೆ ಪಿನ್ನು ಎಲ್ಲಿಂದ ಬರಬೇಕು?

ಮಾವಶಿ ಹೊರಗೆ ಬಂದಾಗ ನಾನು ಒಂದು ಕಾಲಿನ ಮೇಲೆ ನಿಂತು, ಕೈಯಲ್ಲಿ ಹಳೆಯ ಚಪ್ಪಲಿ ಹಿಡಿದಿದ್ದೆ. ಅವರು ಚಪ್ಪಲಿ ನೋಡಿದರು, ನನ್ನನ್ನು ನೋಡಿದರು. ನನ್ನ ಅಮ್ಮ, ಅತ್ತೆ, ಮ್ಯಾನೇಜರು ಯಾರೂ ನನ್ನನ್ನು ಹಾಗೆ ನೋಡಿಲ್ಲ.

"ಮೂರು ವಾರ ನಾನು ಅವನ ಹತ್ರ ಸತ್ಯ ಹೇಳಿದೆ," ಎಂದರು. "ಇವತ್ತು ನನ್ನನ್ನೂ ಸುಳ್ಳು ಮಾಡಿದ್ಯಲ್ಲ ಮಾರಾಯ್ತಿ."

ಬಹುವಚನ ಬಿಟ್ಟು 'ಮಾರಾಯ್ತಿ'ಗೆ ಇಳಿದಿದ್ದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಸೋಮವಾರ ಹೋಗದಿದ್ದರೆ ಕೆಲಸ ಹೋಗುತ್ತದೆ, ಹೋದರೆ ಮಗು ಹೀಗೆ ಕಿರುಚುತ್ತದೆ ಎಂದು ಅಳುತ್ತಲೇ ಹೇಳಿದೆ. ಮಾವಶಿ ತುಸು ಹೊತ್ತು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಪಕ್ಕದಲ್ಲಿ ಕೂತರು.

"ನಿಮ್ಮದು ಹೆದರಿ ಅಳುದು," ಎಂದರು. "ಸೋಮವಾರ ಚಪ್ಪಲಿ ಬೇಡ. ಎರಡೂ ಹಾಕಿ ಹೋಗಿ. ಆದ್ರೆ ದೂರ ಹೋಗ್ತೇನೆ ಅಂತ ಅವನಿಗೆ ಹೇಳ್ಬೇಕು. ಯಾವಾಗ ಬರ್ತೇನೆ ಅಂತಲೂ ಹೇಳ್ಬೇಕು."

"ಏಳು ಗಂಟೆ ಒಳಗೆ ಬರ್ತೀನಿ."

"ಏಳು ಗಂಟೆ ಅಂದ್ರೆ ಅವನಿಗೆ ಎಂತ ಗೊತ್ತುಂಟು? ಊಟ ಗೊತ್ತುಂಟು, ನಿದ್ದೆ ಗೊತ್ತುಂಟು, ಚಾ ಗೊತ್ತುಂಟು. ಆಮೇಲೆ ನಾನು ದೀಪ ಹಚ್ಚುದು. ಆ ಹೊತ್ತಿಗೆ ಬರ್ತೀರಾ?"

"ಬರ್ತೀನಿ."

"ನೋಡಿ, ಮತ್ತೆ ನನ್ನನ್ನು ಸುಳ್ಳು ಮಾಡ್ಬೇಡಿ."

ಸೋಮವಾರ ಬೆಳಿಗ್ಗೆ ಅವನ ಎದುರಿಗೆ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಅಮ್ಮ ಟ್ರೇನಿನಲ್ಲಿ ದೂರ ಹೋಗುತ್ತಾಳೆ. ನೀನು ಊಟ ಮಾಡಿ, ಮಲಗಿ ಎದ್ದು, ಚಾ ಕುಡಿದು, ಆಮೇಲೆ ಮಾವಶಿ ದೀಪ ಹಚ್ಚುವ ಹೊತ್ತಿಗೆ ಅಮ್ಮ ಬರುತ್ತಾಳೆ. ಅವನು ನನ್ನ ಎರಡೂ ಕಾಲನ್ನು ನೋಡಿ ಗೊಳೋ ಎಂದ. ಸ್ಟೇಷನ್ನಿನ ರಸ್ತೆಗೆ ತಿರುಗುವವರೆಗೂ ಅವನ ಅಳು ನನ್ನ ಬೆನ್ನಿಗೆ ಬಡಿಯುತ್ತಿತ್ತು. ಅದರ ಮೇಲಿಂದ ಮಾವಶಿಯ ಕೂಗು: "ಹೋಗಿ, ಹೋಗಿ! ಇದು ಬೈಯುವ ಅಳು!"

ಬ್ಯಾಂಕಿನಲ್ಲಿ ನನ್ನ ಕುರ್ಚಿ ಇತ್ತು, ನಾನಿರಲಿಲ್ಲ. ಶಿಶುವಿಹಾರದ ಮೇಲಿನ ಮನೆಯಲ್ಲಿ ಫೋನಿತ್ತು. ಹನ್ನೊಂದರೊಳಗೆ ಮೂರು ಸಲ ಮಾಡಿದೆ. ನಾಲ್ಕನೇ ಸಲಕ್ಕೆ ಮಾವಶಿಯೇ ಮೆಟ್ಟಿಲು ಹತ್ತಿ ಬಂದರು.

"ಅಳ್ತಿದ್ದಾನಾ?" ಎಂದೆ.

"ಯಾರು? ಅವ ಉಪ್ಪಿಟ್ಟು ತಿಂತಾ ಇದ್ದಾನೆ. ನೀವೆಂತ ತಿಂದ್ರಿ?"

"ಏನೂ ಇಲ್ಲ. ಆಮೇಲೆ ತಿಂತೀನಿ."

"ಅಲ್ಲಿ ಯಾರಾದ್ರೂ ದೊಡ್ಡವರಿದ್ರೆ ಫೋನ್ ಕೊಡಿ."

ಪಕ್ಕದ ಮೇಜಿನ ಹೆಡ್‌ಕ್ಲಾರ್ಕಿಗೆ ಕೊಟ್ಟೆ. ಅವರು ಎದ್ದು ನಿಂತು, "ಹಾಂ ಜೀ, ಹಾಂ ಜೀ," ಎಂದು ಕೇಳಿಸಿಕೊಂಡು ಫೋನಿಟ್ಟರು. ಆಮೇಲೆ ನನಗೆ ಇಡ್ಲಿ ತರಿಸಿ, ನಾನು ತಿನ್ನುವವರೆಗೆ ಎದುರಿಗೇ ನಿಂತರು. ಸಂಜೆಯವರೆಗೆ ಫೋನನ್ನು ತಮ್ಮ ಕಡೆ ಎಳೆದಿಟ್ಟುಕೊಂಡರು.

ಮೂರು ಗಂಟೆಗೆ ಮಳೆ ಹಿಡಿಯಿತು. ಐದೂವರೆಗೆ ನಾನು ಸ್ಟೇಷನ್ನಿಗೆ ಬರುವಷ್ಟರಲ್ಲಿ ಹಳಿಗಳ ಮೇಲೆ ನೀರು. ಸಿಕ್ಕಿದ ಲೋಕಲಿಗೆ ನುಗ್ಗಿದೆ. ಅದು ಸಯನ್ನಿನಲ್ಲಿ ನಿಂತಿತು, ಕುರ್ಲಾದಲ್ಲಿ ನಿಂತಿತು, ಯಾವ ಸ್ಟೇಷನ್ನೂ ಇಲ್ಲದಲ್ಲಿ ನಿಂತಿತು. ಕಿಟಕಿಯಾಚೆ ಬೆಳಕು ಕಂದುತ್ತ ಬಂತು. ಒಂದೊಂದು ಬಿಲ್ಡಿಂಗಿನಲ್ಲೂ ದೀಪ ಹೊತ್ತಿಕೊಳ್ಳುತ್ತಿತ್ತು, ನಾನು ಒಂದೊಂದನ್ನೂ ಎಣಿಸುತ್ತಿದ್ದೆ. ಮನೆಯಲ್ಲಿ ಗಂಡನೂ ಇಲ್ಲ, ಆ ವಾರ ಅವರಿಗೆ ಸೆಕೆಂಡ್ ಶಿಫ್ಟು. ಮಾವಶಿ ಸಂಜೆ ದೇವರ ದೀಪವನ್ನು ಒಂದು ದಿನವೂ ತಪ್ಪಿಸಿದವರಲ್ಲ. ಈಗ ಹಚ್ಚಿರುತ್ತಾರೆ, ಅವನು ಬಾಗಿಲು ನೋಡುತ್ತಿರುತ್ತಾನೆ ಎಂದುಕೊಂಡೆ. ನಾಳೆ ರಾಜೀನಾಮೆ ಕೊಡುವುದೆಂದು ತೀರ್ಮಾನ ಮಾಡಿದೆ. ಪಕ್ಕದಲ್ಲಿ ನಿಂತ ಗುಜರಾತಿ ಹೆಂಗಸಿಗೆ ಅದನ್ನು ಹೇಳಿಯೂ ಬಿಟ್ಟೆ.

ವಿಕ್ರೋಳಿಯಲ್ಲಿ ಇಳಿದಾಗ ಎಂಟು ದಾಟಿತ್ತು. ಮೊಣಕಾಲಿನ ನೀರಿನಲ್ಲಿ ಸೀರೆ ಎತ್ತಿಕೊಂಡು ಓಡಿದೆ. ಮಾವಶಿಯ ಚಾಳಿನ ಗಲ್ಲಿಗೆ ತಿರುಗಿದರೆ, ಅವರ ಸಾಲಿನ ಏಳು ಖೋಲಿಗಳೂ ಕಗ್ಗತ್ತಲು. ಕರೆಂಟು ಹೋಗಿದೆ ಎಂದುಕೊಂಡೆ. ಆದರೆ ಎದುರಿನ ಸಾಲು ಝಗಝಗ ಬೆಳಗುತ್ತಿತ್ತು, ಅಲ್ಲಿ ಟೀವಿ ಹಾಡುತ್ತಿತ್ತು.

ಕತ್ತಲ ಸಾಲಿನ ಬಾಗಿಲುಗಳಲ್ಲಿ ಜನ ಕೂತಿದ್ದರು. ಯಾರೋ ಸ್ಟವ್ವಿನ ಉರಿಯ ಬೆಳಕಿನಲ್ಲಿ ಅನ್ನ ಬಾಗಿಸುತ್ತಿದ್ದರು. ಒಬ್ಬ ಮುದುಕರು ನನ್ನನ್ನು ಕಂಡವರೇ ಒಳಗೆ ಮುಖ ತಿರುಗಿಸಿ, "ಆಲೀ, ಆಲೀ! ಆಯಿ ಆಲೀ!" ಎಂದು ಕೂಗಿದರು. ಬಂದಳು, ತಾಯಿ ಬಂದಳು! ಇನ್ನೊಬ್ಬರು ತಮ್ಮ ಸೀರಿಯಲ್ಲು ಮುಗಿದೇ ಹೋಯಿತೆಂದು ಮರಾಠಿಯಲ್ಲಿ ಬೈದರು.

ಮಾವಶಿ ಹೊಸಿಲಲ್ಲಿ ಕೂತಿದ್ದರು. ಮಗ ಅವರ ತೊಡೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಚಕ್ಕುಲಿ ಕಡಿಯುತ್ತಿದ್ದ. ಅಳುವಿನ ಗುರುತು ಇರಲಿಲ್ಲ. ನಾನು ಏದುಸಿರು ಬಿಡುತ್ತ, "ತಡವಾಯ್ತು ಮಾವಶಿ, ಮಳೆ, ಟ್ರೇನು..." ಎಂದು ಶುರು ಮಾಡಿದೆ.

"ತಡ ಎಂತದ್ದು?" ಮಾವಶಿ ಗದರಿದರು. "ದೀಪ ಹಚ್ಚುವ ಹೊತ್ತಿಗೆ ಬರ್ತೇನೆ ಅಂದಿದ್ರಿ. ನಾನಿನ್ನೂ ಹಚ್ಚಿಲ್ಲ."

"ದೇವರ ದೀಪ ಕೂಡ?"

"ದೇವರ ಹತ್ರ ಹೇಳಿದ್ದೇನೆ, ಟ್ರೇನು ಲೇಟುಂಟು, ಸ್ವಲ್ಪ ಕೂತ್ಕೊಳಿ ಅಂತ. ಅವರಿಗೆ ಅರ್ಥ ಆಗ್ತದೆ. ಇವನಿಗೆ ಪಕ್ಕದ ಮನೆ ಲೈಟು ಕಂಡ್ರೆ ಅರ್ಥ ಆಗ್ತಿತ್ತಾ? ಅದಕ್ಕೇ ಎಲ್ಲರಿಗೂ ಹೇಳಿದೆ."

"ಎದುರಿನ ಸಾಲು?"

"ಅವರು ಬೇರೆ ಚಾಳು ಮಗಾ, ಅವರ ದೀಪ ಲೆಕ್ಕಕ್ಕಿಲ್ಲ," ಎಂದು ಮಗನೇ, ಮಾವಶಿಯ ಧ್ವನಿಯಲ್ಲೇ, ನನಗೆ ತಿಳಿಸಿ ಹೇಳಿದ.

ಮಾವಶಿ ಅವನನ್ನು ಇಳಿಸಿ, ಸೊಂಟ ಹಿಡಿದುಕೊಂಡು ಎದ್ದು, ಒಳಗೆ ಹೋಗಿ ಬೆಂಕಿಕಡ್ಡಿ ಗೀರಿದರು. ದೇವರ ಮುಂದೆ ಸಣ್ಣ ದೀಪ ಹತ್ತಿತು. ಅದು ಕಂಡದ್ದೇ ತಡ, ಪಕ್ಕದ ಖೋಲಿಯಲ್ಲಿ ಬಲ್ಬು, ಅದರ ಪಕ್ಕದಲ್ಲಿ ಟ್ಯೂಬ್‌ಲೈಟು, ಹೀಗೆ ಸಾಲಿನ ಕೊನೆಯವರೆಗೆ ಬೆಳಕು ಓಡಿತು. ಆ ಬೆಳಕಿನಲ್ಲಿ ಮಗ ನನ್ನನ್ನು ನೋಡಿದ: ಒದ್ದೆ ಸೀರೆ, ಕೆದರಿದ ತಲೆ, ಹನಿಯುವ ಮೂಗು. ಹತ್ತಿರ ಬಂದು, ಮಾವಶಿ ದಿನವೂ ಮಾಡುವ ಹಾಗೆ, ಅಂಗಿಯ ತುದಿಯಿಂದ ನನ್ನ ಮೂಗು ಒರಸಿದ.

"ಅಳ್ಬೇಡ ಅಮ್ಮ," ಎಂದ. "ನೀನು ಲೇಟಾಗ್ಲಿಲ್ಲ. ನಾಳೆನೂ ಹೋಗು."